ಧುಪದಾಳಕ್ಕೆ ಯಾಕೆ ಹೋಗಿದ್ದೆ

ಕಲ್ಲೋಳಿ
28 ಜುಲೈ 2024

ಶಿವಾನಿ,

ಫೋನ್ ಮಾಡಿದರೆ ನೀನು ಮಾತಾಡುವುದಿಲ್ಲ. ನಿನ್ನೆ ನಮ್ಮವ್ವ, ನಿನ್ನ ಆಯಿಯೇ, ಹೇಳಿದಳು, "ಫೋನ್ ಬಾರಿಸಿದ್ರ ಸಾಕ, ಕೂಸು ಹಿತ್ತಲಕ್ಕ ಓಡಿ ಹೋಗಿ ನಿಂದರತೈತಿ" ಅಂತ. ಅದಕ್ಕೇ ಕಾಗದ ಬರೆಯಲು ಕೂತೆ. ಹನ್ನೆರಡು ವರ್ಷದಿಂದ ಅಂಗನವಾಡಿಯ ರಿಜಿಸ್ಟರ್ ಬಿಟ್ಟರೆ ನಾನು ಬೇರೇನೂ ಬರೆದಿಲ್ಲ. ಹೇಗೆ ಶುರು ಮಾಡಬೇಕೆಂದು ತಿಳಿಯದೆ ಒಂದು ಹಾಳೆ ಹರಿದು ಹಾಕಿದೆ.

ಆ ದಿನ ಸಂಜೆ ಐದಕ್ಕೆ ನಾನು ಮನೆಗೆ ಬಂದಾಗ ನೀನು ಮೂಲೆಯಲ್ಲಿ ಕೂತು ಫೋನಿನಲ್ಲಿ ಆಡುತ್ತಿದ್ದೆ. ಮೂರು ಸಲ ಕರೆದೆ. ನೀನು ತಲೆಯೆತ್ತಲಿಲ್ಲ. ಎಂಟನೆಯ ಇಯತ್ತೆಯ ಹುಡುಗಿ, ಗಣಿತದಲ್ಲಿ ಹನ್ನೊಂದು ಅಂಕ. ನನಗೆ ತಲೆ ಕೆಟ್ಟಿತು. ಫೋನ್ ಕಸಿದುಕೊಂಡು ಬಟ್ಟೆ ಒಗೆಯುವ ಕಲ್ಲಿಗೆ ಹೊಡೆದೆ. ಓಣಿಯವರೆಲ್ಲ ನೋಡುತ್ತಿದ್ದರು. ನೀನು ಅಳಲಿಲ್ಲ. "ಅವ್ವಾ, ಈಗ ಟೈಮ್ ಎಷ್ಟಾತು?" ಎಂದು ಕೇಳಿದೆ. ಸೊಕ್ಕಿನ ಮಾತು ಎಂದುಕೊಂಡು ಬೆನ್ನಿಗೆ ಒಂದು ಕೊಟ್ಟೆ.

ಮರುದಿನ ಶಾಲೆಗೆಂದು ಹೋದವಳು ಶಾಲೆಗೆ ಹೋಗಿರಲಿಲ್ಲ. ಮಧ್ಯಾಹ್ನ ಧುಪದಾಳದಿಂದ ಕುರಿ ಕಾಯುವ ಸತ್ತೆಪ್ಪ ಅನ್ನುವವರು ನಿನ್ನಿಂದ ನಂಬರ್ ಕೇಳಿಕೊಂಡು ಯಾರದೋ ಫೋನಿನಿಂದ ಹೇಳಿದರು, "ನಿಮ್ಮ ಮಗಳು ಒಡ್ಡಿನ ಪಾವಟಿಗಿ ಮ್ಯಾಲ ಕುಂತಿತ್ರಿ, ನೀರ ಕಾಲಿಗಿ ಹತ್ತಾಕತ್ತಿತ್ತು" ಅಂತ.

ಆ ಹೊಳೆಯ ಮೆಟ್ಟಿಲಿಗೆ ಯಾಕೆ ಹೋಗಿದ್ದೆ ಎಂದು ನಾನು ಕೇಳಿಲ್ಲ. ನಿಮ್ಮಪ್ಪನೂ ಕೇಳಿಲ್ಲ. ಕೇಳುವ ಧೈರ್ಯ ಇಬ್ಬರಿಗೂ ಇಲ್ಲ. ಅನ್ನದ ಗಂಜಿ ಬಸಿಯುವ ಸದ್ದು ಕೇಳಿದರೂ ನನಗೆ ಹೊಳೆಯ ನೀರು ಕಣ್ಣ ಮುಂದೆ ಬರುತ್ತದೆ. ಸ್ವಲ್ಪ ದಿನ ಹುಕ್ಕೇರಿಯಲ್ಲಿ ಆಯಿಯ ಹತ್ತಿರ ಇದ್ದರೆ ನಿನ್ನ ಮನಸ್ಸು ತಿಳಿಯಾದೀತೆಂದು ಕಳಿಸಿದೆವು, ನಿನ್ನನ್ನು ದೂರ ಮಾಡಲು ಅಲ್ಲ.

ಎರಡು ಸಾಲು ಬರೆ. ಉಂಡೆ, ಮಲಗಿದೆ ಅಂತ ಬರೆದರೂ ಸಾಕು.

ನಿನ್ನ ಅವ್ವ,
ಕಸ್ತೂರಿ


ಹುಕ್ಕೇರಿ
9 ಆಗಸ್ಟ್ 2024

ಅವ್ವ,

ಊಟ ಮಾಡುತ್ತಿದ್ದೇನೆ. ಹೊಸ ಶಾಲೆ ಪರವಾಗಿಲ್ಲ. ಬಾಜೂ ಕೂಡುವ ಹುಡುಗಿಯ ಹೆಸರು ಐಶ್ವರ್ಯ. ಮಹೇಶ ಮಾಮಾ ದಿನಾ ಬೈಕಿನಲ್ಲಿ ಬಿಟ್ಟು ಬರುತ್ತಾನೆ.

ನೀನು ಸಂಜೆ ಮುಂದಿನ ಬಾಗಿಲಿಗೆ ಅಗುಳಿ ಹಾಕುತ್ತೀಯಾ? ಹಿತ್ತಲ ಬಾಗಿಲಿನ ಚಿಲಕ ಸಡಿಲಾಗಿತ್ತು, ಅದನ್ನು ಸರಿ ಮಾಡಿಸು. ಅಪ್ಪ ಲಾರಿಯ ಮೇಲೆ ಹೋದಾಗ ಶೋಭಾ ಕಾಕೂನನ್ನು ಮನೆಗೆ ಕರೆದುಕೋ. ಒಬ್ಬಳೇ ಇರಬೇಡ.

ನನ್ನನ್ನು ಕೇಳಿಕೊಂಡು ಯಾರಾದರೂ ಬಂದಿದ್ದರಾ? ಹಳೆಯ ಶಾಲೆಯಿಂದ ಅಲ್ಲ. ಬೇರೆ ಯಾರಾದರೂ.

ನಿನಗೆ ಗೊತ್ತಿಲ್ಲದ ನಂಬರಿನಿಂದ ಏನಾದರೂ ಬಂದರೆ ತೆರೆಯಬೇಡ. ಹಾಡೋ ಮಾತೋ ಏನೇ ಇದ್ದರೂ ಕೇಳಬೇಡ. ದೇವರಾಣೆ ಕೇಳಬೇಡ.

ಶಿವಾನಿ


ಕಲ್ಲೋಳಿ
17 ಆಗಸ್ಟ್ 2024

ಶಿವಾನಿ,

ನಿನ್ನ ಕಾಗದ ಬಂತು. ಅವ್ವ ಒಬ್ಬಳೇ ಇದ್ದಾಳೆ ಎಂದು ನಿನಗೆ ಚಿಂತೆ ಆಯಿತಲ್ಲ, ಅಷ್ಟು ಸಾಕು ನನಗೆ. ಅಗುಳಿ ಹಾಕುತ್ತೇನೆ. ಚಿಲಕದ ಕೆಲಸ ನಿಮ್ಮಪ್ಪ ಊರಿಗೆ ಬಂದಾಗ ಮಾಡುತ್ತಾನೆ. ಈ ಸಲ ಪುಣೆಯ ಕಡೆ ಹೋಗಿದ್ದಾನೆ.

ಮೊನ್ನೆ ಅಂಗನವಾಡಿಯಲ್ಲಿ ತಾಯಂದಿರ ಸಭೆ ಇತ್ತು. ಪ್ರತಿ ಸಲ "ಮಕ್ಕಳ ಕೈಯಾಗ ಮೊಬೈಲ್ ಕೊಡಬ್ಯಾಡ್ರಿ" ಎಂದು ದೊಡ್ಡ ದನಿಯಲ್ಲಿ ಹೇಳುತ್ತಿದ್ದವಳು ನಾನೇ. ಈ ಸಲ ಬಾಯಿ ಬರಲಿಲ್ಲ. ಹಿಂದೆ ಕೂತಿದ್ದ ಇಬ್ಬರು ಮುಖ ಮುಖ ನೋಡಿಕೊಂಡರು. ಆದರೂ ಹೇಳುತ್ತೇನೆ ಶಿವಾನಿ, ಆ ಆಟ ಒಳ್ಳೆಯದಲ್ಲ. ಅದು ಹೋದದ್ದೇ ಒಳ್ಳೆಯದಾಯಿತು ಎಂದು ಒಂದು ದಿನ ನೀನೇ ಹೇಳುತ್ತೀ.

ಹಾಂ, ಕೇಳಿದ್ದೆಯಲ್ಲ, ಬುಧವಾರ ಒಬ್ಬ ಬಂದಿದ್ದ. ಬೈಕಿನ ಮೇಲೆ, ತಲೆಗೆ ಹೆಲ್ಮೆಟ್. "ಶಿವಾನಿ ಮನಿ ಇದ ಅಲ್ಲೇನ್ರಿ? ಪ್ರಬಂಧ ಸ್ಪರ್ಧೇದಾಗ ಬಹುಮಾನ ಬಂದೈತಿ, ಆಕಿ ಕೈಯಾಗ ಕೊಡಬೇಕು" ಎಂದ. ನೀನು ಪ್ರಬಂಧ ಬರೆದದ್ದು ನನಗೆ ಗೊತ್ತೇ ಇರಲಿಲ್ಲ. ಎಷ್ಟು ಖುಷಿಯಾಯಿತೆಂದರೆ ಚಹಾ ಕುಡಿದು ಹೋಗೆಂದೆ. ಕುಡಿಯಲಿಲ್ಲ. ಮನೆಯೊಳಗೆಲ್ಲ ಕಣ್ಣಾಡಿಸಿದ. ಅವಳು ಹುಕ್ಕೇರಿಯಲ್ಲಿ ನಮ್ಮವ್ವನ ಹತ್ತಿರ ಇದ್ದಾಳೆ ಎಂದು ಹೇಳಿದ್ದೇನೆ. ಹುಡುಕಿಕೊಂಡು ಬಂದರೆ ಬಹುಮಾನ ಇಸಿದುಕೋ.

ಕಸ್ತೂರಿ


ಹುಕ್ಕೇರಿ
21 ಆಗಸ್ಟ್ 2024

ಅವ್ವ,

ಇದನ್ನು ಮಹೇಶ ಮಾಮಾನ ಕೈಯಲ್ಲಿ ಕಳಿಸುತ್ತಿದ್ದೇನೆ. ನೀನು ಓದಿ ಮುಗಿಸುವ ತನಕ ಅವನು ಅಲ್ಲೇ ಇರುತ್ತಾನೆ. ಆಯಿಗೆ ಎಲ್ಲ ಹೇಳಿದ್ದೇನೆ. ನಿನಗೆ ಬಾಯಿಂದ ಹೇಳಲು ಆಗುವುದಿಲ್ಲ.

ಬಂದವನು ಬಹುಮಾನದವನಲ್ಲ. ನಾನು ಯಾವ ಪ್ರಬಂಧವನ್ನೂ ಬರೆದಿಲ್ಲ.

ಆಟದಲ್ಲಿ ನಾಲ್ಕು ಜನರ ತಂಡ ಇರುತ್ತದೆ. ಆಡುತ್ತಲೇ ಒಬ್ಬರಿಗೊಬ್ಬರು ಮಾತಾಡಬಹುದು. ಫೆಬ್ರವರಿಯಲ್ಲಿ ಪೂಜಾ ಅಕ್ಕ ಎಂಬ ಹೆಸರಿನವರು ನಮ್ಮ ತಂಡಕ್ಕೆ ಬಂದರು. ಅಥಣಿಯಲ್ಲಿ ಕಾಲೇಜಿಗೆ ಹೋಗುತ್ತೇನೆ ಎಂದರು. ಮೈಕ್ ಕೆಟ್ಟಿದೆ ಎಂದು ಬರೆದು ಕಳಿಸುತ್ತಿದ್ದರು, ನಾನು ಮಾತಾಡುತ್ತಿದ್ದೆ. ಬಹಳ ಚಂದ ಆಡುತ್ತಿದ್ದರು. ನಾನು ಬಿದ್ದಾಗಲೆಲ್ಲ ಓಡಿ ಬಂದು ಎಬ್ಬಿಸುತ್ತಿದ್ದರು. ನೀನು ಬೈದ ದಿನ ಅವರ ಹತ್ತಿರವೇ ಹೇಳಿಕೊಳ್ಳುತ್ತಿದ್ದೆ. ಅವರು ಒಮ್ಮೆಯೂ ಬೈಯುತ್ತಿರಲಿಲ್ಲ.

ಫೋಟೋ ಕೇಳಿದರು, ಯೂನಿಫಾರ್ಮಿನದು ಕಳಿಸಿದೆ. ಕೊರಳಲ್ಲಿ ಶಾಲೆಯ ಗುರುತಿನ ಚೀಟಿ ಇತ್ತು. ಅದರಲ್ಲಿ ಮನೆಯ ವಿಳಾಸ ಇತ್ತು. ಅದು ನನಗೆ ಹೊಳೆಯಲೇ ಇಲ್ಲ.

ಮೇ ತಿಂಗಳಲ್ಲಿ ಒಂದು ದಿನ ನೀನು ಹೊಡೆದೆ. ಅವತ್ತು ಸಿಟ್ಟಿನಲ್ಲಿ ನಿನ್ನ ಬಗ್ಗೆ ಒಂದು ಮಾತು ಆಡಿದೆ. ಆ ಮಾತನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಅವರು ರೆಕಾರ್ಡ್ ಮಾಡಿಕೊಂಡಿದ್ದರು. ಆಮೇಲೆ ಬೇರೆ ಥರ ಆದರು. ದಿನಾ ಸಂಜೆ ಐದೂವರೆಗೆ ಬರಲೇಬೇಕು, ಬೇರೆ ಯಾರ ಜೊತೆಗೂ ಆಡಕೂಡದು, ಇಲ್ಲದಿದ್ದರೆ ಈ ಮಾತನ್ನು ನಿಮ್ಮವ್ವನಿಗೆ ಕೇಳಿಸುತ್ತೇನೆ ಎಂದರು. ಒಂದು ದಿನ ತಪ್ಪಿದರೂ ಮರುದಿನ ಬೆಳಿಗ್ಗೆ ಹತ್ತಕ್ಕೆ ಧುಪದಾಳದ ಒಡ್ಡಿಗೆ ಬಾ, ಬರದಿದ್ದರೆ ನಾನೇ ನಿಮ್ಮ ಮನೆಗೆ ಬರುತ್ತೇನೆ ಎಂದರು. ಜುಲೈ ಹೊತ್ತಿಗೆ ನಾನು ಆಡುತ್ತಿರಲಿಲ್ಲ ಅವ್ವ. ಹಾಜರಿ ಕೊಡುತ್ತಿದ್ದೆ.

ನೀನು ಫೋನ್ ಒಡೆದಾಗ ಐದು ದಾಟಿತ್ತು. ಅದಕ್ಕೇ ಟೈಮ್ ಕೇಳಿದೆ.

ನಾನು ನೀರಿಗೆ ಬೀಳಲು ಹೋಗಿರಲಿಲ್ಲ. ಪೂಜಾ ಅಕ್ಕನ ಕಾಲು ಹಿಡಿದಾದರೂ, ಮನೆಗೆ ಬರಬೇಡಿ ಎಂದು ಕೇಳಿಕೊಳ್ಳಲು ಹೋಗಿದ್ದೆ. ಅಲ್ಲಿ ಯಾವ ಅಕ್ಕನೂ ಇರಲಿಲ್ಲ. ಬೈಕಿನ ಹತ್ತಿರ ಒಬ್ಬ ಗಂಡಸು ನಿಂತಿದ್ದ. ಹೆಲ್ಮೆಟ್ ತೆಗೆದಿರಲಿಲ್ಲ. ಕೈಯಲ್ಲಿದ್ದ ಫೋನ್ ನೋಡುತ್ತಿದ್ದ, ನನ್ನನ್ನು ನೋಡುತ್ತಿದ್ದ, ಮತ್ತೆ ಫೋನ್ ನೋಡುತ್ತಿದ್ದ. ನಾನು ಒಡ್ಡಿನ ಮೆಟ್ಟಿಲ ಮೇಲೆಯೇ ಕೂತಿದ್ದೆ. ನೀರು ಚಪ್ಪಲಿಗೆ ಬಂತು. ಅವನು ನನ್ನ ಕಡೆ ನಡೆದು ಬರತೊಡಗಿದ. ಅಷ್ಟರಲ್ಲಿ ಕುರಿ ಬಂದವು, ನೂರಾರು, ನಮ್ಮಿಬ್ಬರ ನಡುವೆ. ಸತ್ತೆಪ್ಪ ಕಾಕಾ ನನ್ನ ಹತ್ತಿರ ಬಂದು, "ಯಾರ ಮಗಳವ್ವಾ ನೀ? ಇಲ್ಲಿ ಯಾಕ ಕುಂತಿ? ನೀರ ಏರಾಕತ್ತೈತಿ ನೋಡು" ಎಂದರು. ಕುರಿ ದಾಟಿದ ಮೇಲೆ ನೋಡಿದರೆ ಬೈಕ್ ಇರಲಿಲ್ಲ.

ಈಗ ಅವನಿಗೆ ಹುಕ್ಕೇರಿಯೂ ಗೊತ್ತಾಗಿದೆ. ಆಯಿ ತಲಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ.

ನನ್ನ ಮೇಲೆ ಸಿಟ್ಟಾಗು. ಆದರೆ ಮನೆಯಲ್ಲಿ ಒಬ್ಬಳೇ ಇರಬೇಡ.

ಶಿವಾನಿ


ಕಲ್ಲೋಳಿ
14 ಸೆಪ್ಟೆಂಬರ್ 2024

ಶಿವಾನಿ,

ಆ ದಿನ ಮಹೇಶನ ಬೈಕಿನ ಹಿಂದೆ ಕೂತು ಬಂದವಳು ನಿನ್ನನ್ನು ತಬ್ಬಿಕೊಂಡು ಅತ್ತೆನೇ ಹೊರತು ಹೇಳಬೇಕಾದದ್ದನ್ನು ಹೇಳಲಿಲ್ಲ. ಗೋಕಾಕದ ಪೊಲೀಸ್ ಠಾಣೆಯಲ್ಲೂ ಹೇಳಲಿಲ್ಲ. ಈಗ ಬರೆಯುತ್ತೇನೆ.

ನಿನ್ನ ಕಾಗದ ಓದಿದಾಗ ನನಗೆ ಮೊದಲು ನೆನಪಾದದ್ದು ಅವನಿಗೆ ಚಹಾ ಕುಡಿಯಲು ಹೇಳಿದ್ದು. ಎರಡನೆಯದು ಕಲ್ಲು. ಮೂರು ತಿಂಗಳು ನೀನು ಮೂಲೆಯಲ್ಲಿ ಕೂತು ನಡುಗುತ್ತಿದ್ದೆ, ನಾನು ಅದನ್ನು ಚಟ ಎಂದುಕೊಂಡೆ. ಪರದೆಯ ಮೇಲೆ ಏನಿದೆ ಎಂದು ಒಂದು ದಿನವೂ ಬಗ್ಗಿ ನೋಡಲಿಲ್ಲ. ಎಷ್ಟು ತಾಸು ಎಂದು ಮಾತ್ರ ಎಣಿಸುತ್ತಿದ್ದೆ. ಯಾರ ಜೊತೆ ಎಂದು ಕೇಳಲೇ ಇಲ್ಲ.

ನಮ್ಮ ದೂರು ಬರೆದುಕೊಂಡ ಅರ್ಚನಾ ಮೇಡಮ್ ಠಾಣೆಯಲ್ಲಿ ಹೇಳಿದ್ದು ನೆನಪಿದೆಯಲ್ಲ. "ಅವ್ವಾರ, ಫೋನ್ ಒಡದೀರಿ, ಅದರಾಗಿನ ಪುರಾವೆನೂ ಒಡದೀರಿ. ಆದ್ರ ಆಟದ ಖಾತೆ ಎಲ್ಲೀಗೂ ಹೋಗಿರೂದಿಲ್ಲ. ಮಗಳಿಗಿ ಪಾಸ್‌ವರ್ಡ್ ನೆನಪೈತೇನ್ರಿ?" ಎಂದರು. ನೀನು ತಲೆಯಾಡಿಸಿದೆ. ಅವರು ತಮ್ಮ ಮೇಜಿನ ಮೇಲಿದ್ದ ಫೋನನ್ನು ನಿನ್ನ ಮುಂದೆ ಇಟ್ಟರು. ಅದನ್ನು ಮುಟ್ಟಲು ನಿನಗೆ ಎಷ್ಟು ಹೊತ್ತು ಬೇಕಾಯಿತೆಂದು ನಾನು ನೋಡಿದೆ. ನನ್ನ ಸೆರಗು ಹಿಡಿದುಕೊಂಡೇ ಒಂದೊಂದೇ ಅಕ್ಷರ ಒತ್ತಿದೆ. ಆಟ ತೆರೆಯಿತು. ಮೊದಲು ಬಣ್ಣ, ಸಂಗೀತ, ಚಂದದ ಒಂದು ದ್ವೀಪ. ಇಷ್ಟು ಚಂದ ಇದೆ ಎಂದೂ ನನಗೆ ಗೊತ್ತಿರಲಿಲ್ಲ. ಆಮೇಲೆ ಬದಿಯಲ್ಲಿ ಕೆಂಪು ಚುಕ್ಕೆ, ಅರವತ್ತೆರಡು ಸಂದೇಶ. ಕೊನೆಯದು ಅದೇ ದಿನ ಬೆಳಿಗ್ಗೆ ಬಂದದ್ದು. "ಹುಕ್ಕೇರಿಯಲ್ಲಿ ಯಾವ ಶಾಲೆ?"

ಅದನ್ನು ಓದಿದಾಗ ನೀನು ಹೆದರಿದ್ದು ನನಗೆ ಕಂಡಿತು. ನಾನು ಹೆದರಿದ್ದು ನಿನಗೆ ಕಾಣದಿರಲೆಂದು ಕಿಟಕಿಯ ಕಡೆ ತಿರುಗಿದೆ. ಅದು ತಪ್ಪು. ನನಗೂ ಭಯ ಆಗಿತ್ತು. ಈಗಲೂ ಇದೆ. ಓಣಿಯಲ್ಲಿ ಬೈಕ್ ನಿಂತ ಸದ್ದಾದರೆ ಅಂಗನವಾಡಿಯ ಮಕ್ಕಳನ್ನೆಲ್ಲ ಒಳಗೆ ಕರೆದುಕೊಳ್ಳುತ್ತೇನೆ.

ನಿಮ್ಮಪ್ಪ ವಿಷಯ ಕೇಳಿದವನೇ ಲಾರಿಯನ್ನು ರಸ್ತೆಯ ಪಕ್ಕ ನಿಲ್ಲಿಸಿ ಅರ್ಧ ತಾಸು ಕೂತಿದ್ದನಂತೆ. ಈಗ ಹತ್ತಿರದ ಬಾಡಿಗೆ ಮಾತ್ರ ಹಿಡಿಯುತ್ತಾನೆ. ಸಂಜೆಯೊಳಗೆ ಮನೆಗೆ ಬರುತ್ತಾನೆ. ಹಿತ್ತಲಿಗೆ ಹೊಸ ಚಿಲಕ ಬಂದಿದೆ.

ಅವ್ವ


ಹುಕ್ಕೇರಿ
6 ಅಕ್ಟೋಬರ್ 2024

ಅವ್ವ,

ಅರ್ಚನಾ ಮೇಡಮ್ ಮಾಮಾನಿಗೆ ಫೋನ್ ಮಾಡಿದ್ದರು. ಅವನು ಸಿಕ್ಕನಂತೆ. ಹೊಳೆಯ ಆಚೆಯ ಊರಿನವನಂತೆ, ಹೆಂಡತಿ ಇದ್ದಾಳಂತೆ, ಸಣ್ಣ ಮಗು ಇದೆಯಂತೆ. ಅವನ ಫೋನಿನಲ್ಲಿ ಇನ್ನೂ ನಾಲ್ಕು ಹುಡುಗಿಯರ ಫೋಟೋ ಇದ್ದವಂತೆ. ನಾಲ್ವರೂ ಅವನನ್ನು ಪೂಜಾ ಅಕ್ಕ ಎಂದೇ ತಿಳಿದಿದ್ದರಂತೆ. ಮಾಮಾ ಇದನ್ನು ಹೇಳಿದಾಗ ನನಗೆ ಸಮಾಧಾನ ಆಗಬೇಕಿತ್ತು. ಎದ್ದು ಹೋಗಿ ಹಿತ್ತಲ ಬಾಗಿಲ ಅಗುಳಿ ನೋಡಿ ಬಂದೆ.

ಜಾಮೀನು ಸಿಕ್ಕರೆ ಹೊರಗೆ ಬರುತ್ತಾನೆಯೇ? ಆಯಿಯನ್ನು ಕೇಳಿದೆ. "ಬರಲಿ, ನಾ ಇಲ್ಲೇ ಕುಂತೀನಿ" ಎಂದಳು. ಆದರೆ ಕುರ್ಚಿಯನ್ನು ಬಾಗಿಲಿಗೆ ಇನ್ನೂ ಹತ್ತಿರ ಎಳೆದುಕೊಂಡಳು.

ಅವನ ಫೋನಿನಲ್ಲಿರುವುದನ್ನೆಲ್ಲ ಮನೆಯವರು ಒಮ್ಮೆ ಕೇಳಿ ಗುರುತಿಸಬೇಕಂತೆ. ನೀನು ಕೇಳಿದೆಯಾ? ಆ ಮಾತನ್ನೂ ಕೇಳಿದೆಯಾ? ಕೇಳಿದ್ದರೆ ಸುಳ್ಳು ಹೇಳಬೇಡ.

ಇನ್ನೊಂದು ವಿಷಯ. ಇದನ್ನು ಹೇಳಲು ಹೆದರಿಕೆಯಾಗುತ್ತದೆ. ನನಗೆ ಆಡಬೇಕು ಅನಿಸುತ್ತದೆ. ಅವನು ಬರುವ ಮೊದಲು ಅದು ಚಂದ ಇತ್ತು. ನಾನು ಚೆನ್ನಾಗಿ ಆಡುತ್ತಿದ್ದೆ ಅವ್ವ. ಬೇರೆ ಯಾವುದರಲ್ಲೂ ನಾನು ಅಷ್ಟು ಶಾಣ್ಯಾ ಇಲ್ಲ. ಇಷ್ಟೆಲ್ಲ ಆದ ಮೇಲೂ ಹೀಗೆ ಅನಿಸಿದರೆ ಅದು ರೋಗವೇ?

ಶಿವಾನಿ


ಕಲ್ಲೋಳಿ
27 ಅಕ್ಟೋಬರ್ 2024

ಶಿವಾನಿ,

ಕೇಳಿದೆ. ಹನ್ನೊಂದು ಸೆಕೆಂಡ್ ಇದೆ.

"ನಮ್ಮವ್ವ ಸತ್ತ ಹೋದ್ರ ಚಲೋ ಆಗತೈತಿ" ಎಂದಿದ್ದೀ. ದನಿಯಲ್ಲಿ ಅಳು ಇತ್ತು. ಹಿಂದೆ ನಾನು ಪಾತ್ರೆ ಎತ್ತಿ ಇಡುತ್ತಿರುವ ಸದ್ದು ಕೇಳಿಸುತ್ತಿತ್ತು. ಒಂದೇ ಮನೆಯಲ್ಲಿ, ಹತ್ತು ಹೆಜ್ಜೆ ದೂರದಲ್ಲಿ ನಾನಿದ್ದೆ. ನೀನು ಅದನ್ನು ಅವನಿಗೆ ಹೇಳಿದೆ. ನನಗೆ ನೋವಾದದ್ದು ಮಾತಿಗಲ್ಲ, ಆ ಹತ್ತು ಹೆಜ್ಜೆಗೆ.

ನಾನೂ ನಿನ್ನ ಆಯಿಯ ಬಗ್ಗೆ ಇದೇ ಮಾತು ಆಡಿದ್ದೆ. ಹದಿನಾಲ್ಕು ವರ್ಷದವಳಿದ್ದೆ, ಹಿತ್ತಲಲ್ಲಿ ನಿಂತು ಕುಂಕುಮದ ಡಬ್ಬಿ ಎಸೆದು ಹೇಳಿದ್ದೆ. ಅದನ್ನು ಕೇಳಿದ್ದು ಎಮ್ಮೆ ಮಾತ್ರ. ಯಾರೂ ಹಿಡಿದಿಟ್ಟುಕೊಂಡು ಹೆದರಿಸಲಿಲ್ಲ. ಬೇಕಾದರೆ ಆಯಿಗೆ ಹೇಳು, ನಗುತ್ತಾಳೆ. ಆ ಮಾತಿನ ಲೆಕ್ಕ ನಮ್ಮಿಬ್ಬರ ನಡುವೆ ಮುಗಿಯಿತು.

ಆಡಬೇಕೆನ್ನಿಸುವುದು ರೋಗವೇ ಎಂದು ಅರ್ಚನಾ ಮೇಡಮ್ ಅವರನ್ನೇ ಕೇಳಿದೆ. "ಆಟ ಏನ್ ಮಾಡೈತ್ರಿ? ಮಗಳು ಓಣ್ಯಾಗ ಆಡಾಕ ಹೋದ್ರ ಯಾರ ಜೋಡಿ ಹೋಗತಿ ಅಂತ ಕೇಳತೀರಿಲ್ಲೋ? ಇಲ್ಲೂ ಅದನ್ನ ಕೇಳ್ರಿ. ಕೇಳಿದ್ಮ್ಯಾಲ ಬೈಯಬ್ಯಾಡ್ರಿ, ಬೈದ್ರ ಮತ್ತ ಹೇಳೂದಿಲ್ಲ" ಎಂದರು.

ಅದಕ್ಕೇ ನಾನು ಹೋದ ವಾರ ನನ್ನ ಫೋನಿನಲ್ಲಿ ಆ ಆಟ ಹಾಕಿಸಿಕೊಂಡೆ. ಶೋಭಾಳ ಮಗ ಬಾಳೇಶ ಹಾಕಿಕೊಟ್ಟ. ನಗಬೇಡ. ವಿಮಾನದಿಂದ ಜಿಗಿದವಳು ನೇರ ಸಮುದ್ರಕ್ಕೆ ಬಿದ್ದೆ. ಎರಡನೆಯ ಸಲ ಗೋಡೆಗೆ ಮುಖ ಮಾಡಿ ನಿಂತಿದ್ದೆ, ಯಾರೋ ಹಿಂದಿನಿಂದ ಬಂದು ಹೊಡೆದರು. ಆದರೆ ಒಂದು ತಿಳಿಯಿತು. ನಡುವೆ ಬಿಟ್ಟು ಏಳಲು ಆಗುವುದಿಲ್ಲ. ನಿಮ್ಮಪ್ಪ ಉಣ್ಣಲು ಕರೆದಾಗ ನಾನೇ "ತಡೀರಿ, ಮುಗೀತೈತಿ" ಎಂದೆ. ಅವನು ನನ್ನ ಮುಖವನ್ನೇ ನೋಡಿದ. ಮೂರು ಸಲ ಕರೆದರೂ ನೀನು ಯಾಕೆ ಏಳುತ್ತಿರಲಿಲ್ಲ ಎಂದು ಆಗ ಅರ್ಥವಾಯಿತು. ಇನ್ನು ಮೇಲೆ ಗಡಿಯಾರ ನೋಡಿ ಕಸಿದುಕೊಳ್ಳುವುದಿಲ್ಲ. ಆಡುವ ಮೊದಲೇ ಎಷ್ಟು ಆಟ ಎಂದು ಮಾತಾಡಿಕೊಳ್ಳೋಣ. ಅಷ್ಟು ಮುಗಿದರೆ ನೀನೇ ತೆಗೆದಿಡಬೇಕು.

ಆಡುವುದು ಪಡಸಾಲೆಯಲ್ಲಿ, ನಾವು ಇರುವಾಗ. ಮಾತು ಬಂದ್ ಮಾಡುವ ಗುಂಡಿ ಎಲ್ಲಿದೆ ಎಂದು ಬಾಳೇಶ ತೋರಿಸಿದ್ದಾನೆ. ಮುಖ ನೋಡಿ ಗೊತ್ತಿರುವವರು ಮಾತ್ರ ನಿನ್ನ ತಂಡದಲ್ಲಿ ಇರಲಿ. ಮೂವರು ಸಿಗದಿದ್ದರೆ ನಾನು ಬರುತ್ತೇನೆ, ನೀರಿಗೆ ಬೀಳುತ್ತೇನೆ ಅಷ್ಟೇ. ಉಳಿದದ್ದು ಏನಿರಬೇಕೆಂದು ನೀನು ಬರೆದು ಕಳಿಸು. ನನಗೊಬ್ಬಳಿಗೇ ಹೊಳೆಯುವ ವಿಷಯ ಅಲ್ಲ ಇದು.

ಭಯ ಹೋಗಿದೆಯೇ ಎಂದರೆ ಇಲ್ಲ. ಕೋರ್ಟಿನ ತಾರೀಖು ಬಂದಾಗ ಅವನ ಮುಖ ನೋಡಬೇಕಾಗುತ್ತದೆ. ನೀನು ಕೂಡುವ ಬೆಂಚಿನ ಮೇಲೆ ನಿನ್ನ ಎಡಕ್ಕೆ ನಾನು, ಬಲಕ್ಕೆ ನಿಮ್ಮಪ್ಪ. ಅಷ್ಟನ್ನು ಮಾತ್ರ ಈಗಲೇ ಹೇಳಬಲ್ಲೆ.

ಅವ್ವ


ಹುಕ್ಕೇರಿ
24 ನವೆಂಬರ್ 2024

ಅವ್ವ,

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಇದನ್ನು ಸರಿಯಾಗಿ ಹೇಳಬೇಕು ಅನಿಸಿತು. ಇವತ್ತೇ ಮುಟ್ಟಲೆಂದು ಮಹೇಶ ಮಾಮಾನ ಕೈಯಲ್ಲಿ ಕಳಿಸುತ್ತಿದ್ದೇನೆ.

ಬಾಜೂ ಕೂಡುವ ಐಶ್ವರ್ಯಳ ಬಗ್ಗೆ ಬರೆದಿದ್ದೆನಲ್ಲ. ದೀಪಾವಳಿ ಆದ ಮೇಲೆ ಅವಳು ಮಾತು ಕಡಿಮೆ ಮಾಡಿದ್ದಳು. ಶುಕ್ರವಾರ ಶಾಲೆ ಬಿಡುವ ಹೊತ್ತಿಗೆ ನನ್ನನ್ನು ಕೇಳಿದಳು, "ಟೈಮ್ ಎಷ್ಟಾತ? ಆರಕ್ಕ ನಾ ಮನ್ಯಾಗ ಇರಬೇಕು." ಹಾಗೆ ಕೇಳುವಾಗ ಅವಳ ಮುಖ ನೋಡಿದೆ.

"ಯಾರರೆ ಹೆದರಸಾಕತ್ತಾರೇನು?" ಎಂದು ಕೇಳಿದೆ. ಇಲ್ಲ ಎಂದಳು. ಸೈಕಲ್ ಸ್ಟ್ಯಾಂಡಿನ ಹತ್ತಿರ ನಿಲ್ಲಿಸಿಕೊಂಡು ನನಗಾದದ್ದನ್ನು ಹೇಳಿದೆ. ಪೂಜಾ ಅಕ್ಕನಿಂದ ಹಿಡಿದು ಒಡ್ಡಿನ ತನಕ ಎಲ್ಲ. ಹೇಳಿ ಮುಗಿಸುವ ಮೊದಲೇ ಅವಳು ಕೂತುಬಿಟ್ಟಳು. ಅವಳನ್ನು ಹೆದರಿಸುತ್ತಿರುವವನು ಆಟದಲ್ಲಿ ಅಣ್ಣ ಎಂದು ಹೇಳಿಕೊಂಡು ಬಂದವನಂತೆ. ಬೇರೆ ಆಟ, ಬೇರೆ ಹೆಸರು. ಆರಕ್ಕೆ ಹಾಜರಿ.

ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಳು. ನಾನು ಆಣೆ ಹಾಕಿದೆ. ಆಮೇಲೆ ಮನೆಗೆ ಬಂದ ಕೂಡಲೇ ಆಯಿಗೆ ಹೇಳಿಬಿಟ್ಟೆ. ತಪ್ಪು ಮಾಡಿದೆನೋ ಏನೋ ಗೊತ್ತಿಲ್ಲ. ಆಯಿ ಸೀರೆ ಬದಲಿಸಲೂ ಇಲ್ಲ, ಚಪ್ಪಲಿ ಮೆಟ್ಟಿಕೊಂಡು "ನಡಿ" ಎಂದಳು.

ಅವಳ ಮನೆ ಮುಟ್ಟುವ ಹೊತ್ತಿಗೆ ಆರಕ್ಕೆ ಹತ್ತು ನಿಮಿಷ ಇತ್ತು. ಐಶ್ವರ್ಯ ನನ್ನನ್ನು ನೋಡಿದ ರೀತಿ ನಾನು ಮರೆಯುವುದಿಲ್ಲ. ಆಯಿ ಅವಳ ಅವ್ವನಿಗೆ ನಾಲ್ಕು ಮಾತಿನಲ್ಲಿ ಹೇಳಿದಳು. ಅವರು ಕೇಳಿದವರೇ ಎದ್ದು ಅವಳ ಕೈಯಲ್ಲಿದ್ದ ಫೋನಿಗೆ ಕೈ ಹಾಕಿದರು. ಇನ್ನೊಂದು ಕೈ ಮೇಲೆ ಹೋಗಿತ್ತು. ಆಯಿ ಆ ಕೈ ಹಿಡಿದುಕೊಂಡಳು. "ಬಡಿಯೂದು ಎಂದಿದ್ರೂ ಐತೆವ್ವಾ. ಮೊದಲ ಆಕಿ ಮಾತ ಕೇಳು. ನಮ್ಮ ಮನ್ಯಾಗ ಕೇಳಲಿಲ್ಲ, ಮಗಳು ಹೊಳಿ ದಂಡಿಗಿ ಹೋಗಿ ಕುಂತಳು" ಎಂದಳು.

ಆ ಅವ್ವ ಹಾಗೇ ನಿಂತಿದ್ದರು. ಆಮೇಲೆ ಕೈ ಕೆಳಗೆ ಬಂತು. ನೆಲದ ಮೇಲೆ ಮಗಳ ಬಾಜೂ ಕೂತರು. ನಡುವೆ ಫೋನ್ ಇತ್ತು. ಆರು ಗಂಟೆಯಾಯಿತು. ಫೋನ್ ಸದ್ದು ಮಾಡಿತು, ಮತ್ತೆ ಮಾಡಿತು, ನಾಲ್ಕು ಸಲ. ಯಾರೂ ಮುಟ್ಟಲಿಲ್ಲ.

ಆಯಿ ನನ್ನನ್ನು ಹೊರಗೆ ಕಳಿಸಿದಳು. ನಾನು ಕಟ್ಟೆಯ ಮೇಲೆ ಕೂತೆ. ರಸ್ತೆಯಲ್ಲಿ ಹೋಗುವ ಒಂದೊಂದು ಬೈಕನ್ನೂ ನೋಡುತ್ತಿದ್ದೆ. ಆಮೇಲೆ ಒಳಗಿನಿಂದ ಐಶ್ವರ್ಯಳ ದನಿ ಬಂತು. ಸಣ್ಣಗೆ, ತಡೆದು ತಡೆದು. ಅವಳ ಅವ್ವ ನಡುವೆ ಮಾತಾಡಲಿಲ್ಲ. ಒಮ್ಮೆಯೂ ಮಾತಾಡಲಿಲ್ಲ. "ಹೂಂ" ಅನ್ನುತ್ತಿದ್ದರು, ಅಷ್ಟೇ. ಅವಳು ಹೇಳುತ್ತಾ ಹೋದಳು.

ನಾಳೆ ಅವರೆಲ್ಲ ಅರ್ಚನಾ ಮೇಡಮ್ ಹತ್ತಿರ ಹೋಗುತ್ತಿದ್ದಾರೆ. ನೀನೂ ಗೋಕಾಕಕ್ಕೆ ಬಾ. ಅವಳ ಅವ್ವನಿಗೆ ಅಲ್ಲಿ ಯಾರೂ ಗೊತ್ತಿಲ್ಲ.

ನಿನ್ನ
ಶಿವಾನಿ